ಗುಂಡಿಯ ಬಾಯಿಗೆ ಲಾಂದ್ರ

ಹುಲಿಗೆಮ್ಮನ ಹಿತ್ತಲಲ್ಲಿ ಸಗಣಿ ಗುಂಡಿಯ ಮೇಲೆ ಕವುಚಿದ್ದ ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ಮು ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ದೀಪಾವಳಿಯಲ್ಲಿ ಗ್ಯಾಸ್ ತುಂಬಿ ಎದೆಮಟ್ಟ ಎದ್ದು ನಿಂತಿದ್ದದ್ದು ಈ ಚಳಿಯಲ್ಲಿ ನೆಲಕ್ಕೆ ಸಮ. ಒಲೆ ಹಚ್ಚಿದರೆ ನೀಲಿ ಉರಿ ಒಮ್ಮೆ ನಡುಗಿ ಆರಿಹೋಗುತ್ತಿತ್ತು. ಬೆಳಿಗ್ಗೆ ಎದ್ದು ಹಿತ್ತಲ ಕಡೆ ನೋಡಲು ಅವಳಿಗೆ ಭಯ. ಉಸಿರು ಸಣ್ಣಗಾದವರ ಮಂಚದ ಹತ್ತಿರ ಹೋದ ಹಾಗೆ.

"ಒಳಗೇನೋ ಕಟ್ಕೊಂಡೈತೆ. ಇಳಿದು ನೋಡ್ತೀನಿ" ಅಂದ ಗಂಡ ಲಕ್ಕಣ್ಣ.

ಅವನು ಪಂಚನಹಳ್ಳಿ ಸುತ್ತಲಿನ ಬಾವಿಗಳ ಹೂಳೆತ್ತುವವನು. ಇಳಿಯುವ ಮುಂಚೆ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಕೆಟ್ಟ ಗಾಳಿ, ಉರಿದರೆ ಇಳಿಯಬಹುದು. ಅವನಪ್ಪನೂ ಹಾಗೇ ಮಾಡಿದ್ದ.

ತಮ್ಮ ಹೊನ್ನಯ್ಯನ ಜೊತೆ ಸೇರಿ ಡ್ರಮ್ಮು ಎತ್ತಿ ಪಕ್ಕಕ್ಕಿಟ್ಟು, ಅರ್ಧ ಸಗಣಿ ಬಗ್ಗಡ ತೋಡಿದ. ಗುಂಡಿ ಕಪ್ಪಗೆ ಬಾಯಿ ತೆರೆಯಿತು. ತಳದಲ್ಲಿ ಆಗೊಂದು ಈಗೊಂದು ಗುಳ್ಳೆ.

"ಲೇ, ಲಾಂದ್ರ ಹಚ್ಕೊಂಡ್ ಬಾರೇ!"

ಹುಲಿಗೆಮ್ಮ ತಂದಳು. ಹಿತ್ತಲ ಬಾಗಿಲಲ್ಲೇ ನಿಂತಳು. ಬೇಲಿಯಾಚೆ ಪಕ್ಕದ ಮನೆಯ ಸಾವಿತ್ರಮ್ಮ ನಕ್ಕಳು.

"ಹಗಲಲ್ಲೇನೇ ಲಾಂದ್ರ? ಕಣ್ಣು ಕಾಣಲ್ವಾ?" ಅಂದವಳ ಕಣ್ಣು ತೆರೆದ ಗುಂಡಿಯ ಮೇಲೆ ಬಿತ್ತು. ನಗು ನಿಂತಿತು. "ಅಲ್ಲೇ ನಿಲ್ಲು! ಊದು, ದೀಪ ಊದು!"

ಹುಲಿಗೆಮ್ಮ ಬತ್ತಿಯನ್ನು ಕೆಳಕ್ಕೆ ತಿರುಗಿಸಿದಳು. ಆರಿತು.

"ನಂಗೇ ಬಾವಿ ಪಾಠ ಹೇಳ್ತೀಯೇನಕ್ಕಾ?" ಲಕ್ಕಣ್ಣ ರೇಗಿದ.

"ಇದು ಬಾವಿಯಲ್ಲ ಕಣಪ್ಪಾ. ಬಾವಿ ಗಾಳಿ ದೀಪ ಆರಿಸ್ತದೆ, ಈ ಗಾಳಿ ದೀಪಾನೇ ಹಿಡ್ಕೊಳ್ತದೆ. ನಿಮ್ಮ ಒಲೇಲಿ ಉರಿಯೋದು ಇದೇ ತಾನೇ? ದೀಪ ಇಲ್ದೆ ಇಳಿದ್ರೂ ಉಸಿರುಕಟ್ಟಿ ಬೀಳ್ತೀಯ. ನಿನ್ನ ಎತ್ತೋಕೆ ಇಳಿದ ಹೊನ್ನಯ್ಯನೂ ಬೀಳ್ತಾನೆ."

ಹೊನ್ನಯ್ಯ ಸದ್ದಿಲ್ಲದೆ ಹಿಂದಕ್ಕೆ ಸರಿದ.

"ಮತ್ತೆ ಗ್ಯಾಸ್ ಯಾಕೆ ನಿಂತ್ಹೋಯ್ತು?" ಲಕ್ಕಣ್ಣ ಕೇಳಿದ.

"ಕೊಟ್ಟಿಗೆಗೆ ಔಷಧಿ ಹಾಕಿದ್ಯಾ?"

"ದನಕ್ಕೆ ಉಣ್ಣೆ ಹತ್ತಿತ್ತು. ಪುಡಿ ಬಳಿದು ತೊಳೆದೆ. ಆ ನೀರು ಗುಂಡಿಗೇ ಬಿಟ್ಟೆ."

"ಸರಿಹೋಯ್ತು! ಉಣ್ಣೆ ಜೊತೆ ಗ್ಯಾಸ್ ಮಾಡೋ ಹುಳಾನೂ ಸತ್ತವೆ. ಕಣ್ಣಿಗೆ ಕಾಣಲ್ಲ, ಹಾಲಿಗೆ ಹೆಪ್ಪಿದ್ದ ಹಾಗೆ ಅವು. ಮೇಲೆ ಚಳಿ ಬೇರೆ. ನಮ್ಮ ಗುಂಡಿ ಬಗ್ಗಡ ಕೊಡ್ತೀನಿ, ಅದೇ ಹೆಪ್ಪು. ಬಿಸಿಲಲ್ಲಿ ಕಾದ ನೀರಿಗೆ ಒಂದಿಷ್ಟು ಗಂಜಲ ಸೇರಿಸಿ ಸಗಣಿ ಕಲೆಸು. ಗ್ಯಾಸ್ ಬರೋಕೆ ಶುರುವಾದ್ಮೇಲೆ ಹೊಂಗೆ ಹಿಂಡಿ ಪುಡಿ ನೆನೆಸಿ ದಿನಾ ಒಂದು ಹಿಡಿ ಹಾಕು. ಆಸೆಬಿದ್ದು ಬುಟ್ಟಿಗಟ್ಟಲೆ ಸುರಿದ್ರೆ ಹುಳಿ ಬಂದು ಮತ್ತೆ ಕೆಡ್ತದೆ. ಕಡೂರಿಂದ ಬರೋ ಗ್ರಾಮಸೇವಕರು ಹೇಳಿದ್ದು. ಹೋದ ಚಳೀಲಿ ನಮ್ಮದೂ ಹಿಂಗೇ ಮಲಗಿತ್ತು."

"ಹಿಂಡಿ ಹಾಕಿದ್ರೆ ಸಿಡಿಯಲ್ವಾ ಅಕ್ಕಾ?" ಹುಲಿಗೆಮ್ಮ ಕೇಳಿದಳು.

"ಹಿಂಡಿ ಸಿಡಿಯಲ್ಲ ಕಣೇ. ನಿನ್ನ ಕೈಲಿದ್ದ ಲಾಂದ್ರ ಸಿಡಿಸ್ತಿತ್ತು."

ಬಗ್ಗಡ, ಕಲೆಸಿದ ಸಗಣಿ ಎರಡನ್ನೂ ಮೇಲಿನಿಂದಲೇ ಸುರಿದು ಡ್ರಮ್ಮು ಕೂರಿಸಿದರು. ಎಷ್ಟೋ ದಿನ ಅದು ಅಲುಗಲಿಲ್ಲ. ಲಕ್ಕಣ್ಣ ಅದರ ಸುತ್ತ ಅಡ್ಡಾಡಿದಾಗೆಲ್ಲ ಹುಲಿಗೆಮ್ಮ ಕೆಲಸ ಬಿಟ್ಟು ಓಡಿಬಂದು ನೋಡುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಡ್ರಮ್ಮು ಗೇಣುದ್ದ ಎದ್ದಿತ್ತು. ಸಾವಿತ್ರಮ್ಮ ಹೇಳಿದಂತೆ, ಗಾಳಿ ಬೆರೆತು ಸಿಡಿಯಬಹುದೆಂದು ಮೊದಲು ತುಂಬಿದ ಗ್ಯಾಸನ್ನು ಬೆಂಕಿ ತಾಗಿಸದೆ ಹೊರಗೆ ಬಿಟ್ಟರು. ಮತ್ತೆ ಎದ್ದ ಮೇಲೆ ಒಲೆ ಹಚ್ಚಬೇಕಿತ್ತು. ಕಡ್ಡಿ ಹಿಡಿದ ಹುಲಿಗೆಮ್ಮ ಹಿಂದೆ ತಿರುಗಿದಳು.

"ಇಲ್ಲೇ ಇದ್ದೀನಿ ಕಣೇ" ಅಂದ ಲಕ್ಕಣ್ಣ, ಬಾಗಿಲಲ್ಲಿ. "ಇನ್ನು ಆ ಗುಂಡಿಗೆ ಇಳಿಯಲ್ಲ, ಹಚ್ಚು."

ಉರಿ ನಡುಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲ ಡ್ರಮ್ಮೂ ಈ ಚಳಿಯಲ್ಲಿ ಕುಸಿದಿದೆಯೇ? ಔಷಧಿ, ಸೋಪಿನ ನೀರು ಗುಂಡಿ ಸೇರದಂತೆ ನೋಡಿಕೊಳ್ಳಿ. ಗಂಜಲ, ಒಳ್ಳೆಯ ಗುಂಡಿಯ ಬಗ್ಗಡ, ಗ್ಯಾಸ್ ಶುರುವಾದ ಮೇಲೆ ಹಿಡಿ ಹಿಂಡಿ ಹದವಾಗಿ ಕೊಡಿ. ಆಗಲೂ ಏಳದಿದ್ದರೆ ಗ್ರಾಮಸೇವಕರನ್ನು ಕರೆಸಿ. ಗುಂಡಿಗೆ ಮಾತ್ರ ಯಾರೂ ಇಳಿಯಬೇಡಿ, ಹತ್ತಿರ ಬೆಂಕಿ ತರಬೇಡಿ. ಎಲ್ಲರ ಬೇಲಿಯಾಚೆಯೂ ಆ ಹೊತ್ತಿಗೆ ಒಬ್ಬ ಸಾವಿತ್ರಮ್ಮ ನಿಂತಿರುವುದಿಲ್ಲ.