ಬೂದಿ ಎರಚಿದ ಮಡಿ

ಮೊದಲ ಏಟು ರಫೀಕನ ಬೆನ್ನಿಗಿದ್ದ ಪಂಪಿಗೆ ಬಿತ್ತು. ಪ್ಲಾಸ್ಟಿಕ್ ಡಬ್ಬಿ ಸೀಳಿ, ಒಳಗಿನ ಔಷಧದ ನೀರು ಸೊಂಟಕ್ಕೆ ಇಳಿಯಿತು. ಎರಡನೆಯದು ಬಲ ಮೊಣಕೈಗೆ. ಲಟಕ್ಕನೆ ಸದ್ದಾಯಿತು. ನೋವು ಆಮೇಲೆ ಬಂತು.

ಬೆಳಗಿನ ಒಂಬತ್ತು ಗಂಟೆ. ಜವಳಗೇರಾದ ಕಾಲುವೆ ಕೆಳಗಿನ ಗದ್ದೆ. ಸಲಿಕೆಯ ಮರದ ಕಾವು ಹಿಡಿದು ನಿಂತಿದ್ದವನು ಕನಕರಾಯ. ಹಿಂದೆ ಅವನ ತಮ್ಮ ಶರಣಬಸವ.

"ನನ್ನ ಸಸಿ ಮಡಿ ಸುಟ್ಟೆಲ್ಲಲೇ, ಬಾಡ್ಕಾವ್!"

"ಅಲ್ಲಾನ ಆಣಿ ಅಣ್ಣಾ, ನಾ ಹೊಡೆದಿದ್ದು ಆಂಜನೇಯನ ಬದುವಿಗೆ. ನಿಮ್ಮ ಮಡಿಗೆ ಒಂದ್ ಹನಿ ಬಿದ್ದಿಲ್ಲ."

"ಗಾಳಿ ನಿಮ್ಮಪ್ಪನ ಮಾತು ಕೇಳತೈತೇನು?"

ರಫೀಕ ಹನ್ನೊಂದು ವರ್ಷದಿಂದ ಕೂಲಿಗೆ ಔಷಧ ಹೊಡೆಯುವವನು. ಆರು ದಿನದ ಹಿಂದೆ ಪಕ್ಕದ ಗದ್ದೆಯ ರೈತ ಆಂಜನೇಯನ ಬದುವಿಗೆ ಕಳೆನಾಶಕ ಹೊಡೆದಿದ್ದ. ಅದರ ಪಕ್ಕದಲ್ಲೇ ಕನಕರಾಯನ ಭತ್ತದ ಸಸಿಮಡಿ. ಇಪ್ಪತ್ತೆರಡು ದಿನದ ಸಸಿ ಗೇಣುದ್ದ ಇರಬೇಕಿತ್ತು, ನಾಲ್ಕು ಬೆರಳು ದಾಟಿರಲಿಲ್ಲ. ಪಕ್ಕದವರ ಬೆಳೆ ಸುಟ್ಟವನು ಎಂಬ ಮಾತು ಒಮ್ಮೆ ಹುಟ್ಟಿದರೆ ಅಂಥವನನ್ನು ಯಾರೂ ಬದುವಿಗೆ ಹತ್ತಿಸುವುದಿಲ್ಲ. ಪಾಮನಕಲ್ಲೂರಿನಲ್ಲಿ ಹಾಗೆ ಹೆಸರು ಕೆಟ್ಟವನೊಬ್ಬ ಈಗ ಮಸ್ಕಿಯಲ್ಲಿ ಮೂಟೆ ಹೊರುತ್ತಾನೆ.

ಮೂರನೆಯ ಏಟಿಗೆ ರಫೀಕ ಮಡಿಯೊಳಗೆ ಮುಗ್ಗರಿಸಿದ. ಬಾಯಿಗೆ ಕೆಸರು ನುಗ್ಗಿತು. ಏಳಲೆಂದು ಎಡಗೈಯಲ್ಲಿ ಸಸಿ ಹಿಡಿದರೆ, ಹಿಡಿದಷ್ಟೂ ಸಲೀಸಾಗಿ ಕಿತ್ತು ಬಂತು. ಆ ನೋವಿನಲ್ಲೂ ಅವನ ಕಣ್ಣು ಬೇರಿಗೆ ಹೋಯಿತು. ಬೇರುಗಳು ಕಂದಾಗಿ, ಮೋಟಾಗಿ ನಿಂತಿದ್ದವು. ಕವಲು ಬೇರಂತೂ ಒಂದೂ ಇರಲಿಲ್ಲ.

"ಬೇರು ನೋಡ್ರಿ!" ಎಂದು ಕೂಗಿದ. "ನಾ ಹೊಡೆದ ಕಳಿ ಎಣ್ಣಿ ಎಲಿ ಸುಡತೈತಿ, ಬೇರಿಗೆ ಹೋಗಂಗಿಲ್ಲ. ಬದುವಿನ ಈ ಮಗ್ಗಲ ಕರಿಕಿ ಹುಲ್ಲು ನೋಡ್ರಿ, ಹಸರ ಐತಿ. ಗಾಳಿಗೆ ಹಾರಿದ್ರ ಮೊದಲ ಅದು ಸಾಯ್ತಿರ್ಲಿಲ್ಲೇನು?"

ಉತ್ತರವಾಗಿ ಪಕ್ಕೆಗೆ ಒದೆ ಬಿತ್ತು.

ಸಸಿ ಕೀಳಲು ಬಂದಿದೆಯೋ ಎಂದು ನೋಡಲು ನಾಟಿ ಗುಂಪಿನ ಹಿರಿಯಳು ಗಾಳೆಮ್ಮ ಅಷ್ಟರಲ್ಲಿ ನಾಲ್ಕು ಹೆಂಗಸರ ಜೊತೆ ಬದುವಿಗೆ ಬಂದಿದ್ದಳು. ಯಾರ ಅಪ್ಪಣೆಯನ್ನೂ ಕೇಳದೆ ಮಡಿಗಿಳಿದು ಒಂದು ಹಿಡಿ ಕಿತ್ತು, ಕಾಲುವೆ ನೀರಲ್ಲಿ ತೊಳೆದಳು.

"ಲೇ ಕನಕಾ, ಹುಡುಗ ಹೇಳೋದು ಖರೇ ಐತಿ. ಇದಕ್ಕ ಬೇರ ಇಲ್ಲ. ಮಡಿಗೆ ಏನ್ ಹಾಕಿದ್ದಿ?"

"ಏನ್ ಹಾಕ್ತಾರ? ಬೂದಿ. ಎಲ್ಲಾರೂ ಹಾಕೋದ."

ಅದು ಸುಳ್ಳಲ್ಲ. ಬೀಜ ಚೆಲ್ಲುವ ಮುಂಚೆ ಮಡಿಗೆ ಒಲೆಯ ಬೂದಿ ಎರಚಿದರೆ ಕೀಳುವಾಗ ಸಸಿ ಬೇರು ಹರಿಯದೆ ಬರುತ್ತದೆಂದು ಈ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ.

"ಯಾವ ಒಲಿ ಬೂದಿಯಪಾ? ನಿಮ್ಮನಿಗೆ ಗ್ಯಾಸ್ ಬಂದು ಎಂಟು ವರ್ಷ ಆತು."

ಬಾಯಿಬಿಟ್ಟವನು ಶರಣಬಸವ. "ಮಸ್ಕಿ ರೋಡಿನ ಬ್ಯಾಟ್ರಿ ಶೆಡ್ಡಿಂದಬೇ. ಪುಕ್ಕಟ ಕೊಟ್ರು. ಐದು ಚೀಲ."

ಆ ಶೆಡ್ಡಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಭಟ್ಟಿಯಲ್ಲಿ ಉಳಿಯುವ ಪುಡಿ ನೋಡಲು ಒಲೆಯ ಬೂದಿಯಂತೆಯೇ ಇರುತ್ತದೆ. ಅದರಲ್ಲೂ ಸೀಸ ಉಳಿದಿರುತ್ತದೆ, ಹಾಗಾಗಿ ತೂಕ ಹೆಚ್ಚು. ಸೀಸ ತಾಗಿದ ಬೇರು ಬೆಳೆಯುವುದಿಲ್ಲ, ನೀರು ಗೊಬ್ಬರ ಎಳೆಯಲಾರದೆ ಎಲೆ ಬಿಳಚುತ್ತದೆ.

"ಅದು ಸೀಸದ ಪುಡೀನೋ! ಬೂದಿ ಅಷ್ಟು ವಜ್ಜಿ ಇರತೈತೇನು?" ಎಂದಳು ಗಾಳೆಮ್ಮ. "ಹೊರುವಾಗ ಗೊತ್ತಾಗ್ಲಿಲ್ಲ?"

"ಹಸಿ ಆಗೈತಿ ಅನ್ಕೊಂಡ್ವಿ."

ಹೆಂಗಸರಲ್ಲೊಬ್ಬಳು ಕಿಸಕ್ಕೆಂದಳು. "ತನ್ನ ಮಡಿಗೆ ತಾನ ವಿಷ ಹಾಕ್ಯಾನ, ಮಂದೀನ ಬಡ್ಯಾಕತ್ಯಾನ."

ಆ ನಗೆ ಬಾರದಿದ್ದರೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತೇನೋ. ಕನಕರಾಯನ ಮುಖ ಕಪ್ಪಿಟ್ಟಿತು. ಈವರೆಗೆ ಅವನು ಸಸಿಗಾಗಿ ಹೊಡೆದಿದ್ದ. ಈಗ ಹೊಡೆದದ್ದು ರಫೀಕನ ಮಾತು ನಿಜವಾಗಿತ್ತೆಂಬ ಸಿಟ್ಟಿಗೆ. ಕಾವು ಬೆನ್ನಿಗೆ, ತೊಡೆಗೆ, ಮುರಿದ ಕೈಗೇ ಮತ್ತೆ ಬಿತ್ತು. ಕೈಗೆ ಜೋತುಬಿದ್ದ ಗಾಳೆಮ್ಮನನ್ನು ಅವನು ಕೊಡವಿ ಬದುವಿಗೆ ಎಸೆದ. ಅವಳ ಹಣೆ ಒಡೆಯಿತು. ರಫೀಕನ ಕುತ್ತಿಗೆಯ ಮೇಲೆ ಕಾಲಿಟ್ಟು ಮುಖವನ್ನು ಕೆಸರಿಗೆ ಒತ್ತಿದ. ಮೂಗು ಬಾಯಿ ಮುಚ್ಚಿ ರಫೀಕನಿಗೆ ಉಸಿರು ಕಟ್ಟಿತು, ಕಾಲುಗಳು ಮಾತ್ರ ನೀರು ಬಡಿಯುತ್ತಿದ್ದವು.

"ಅಣ್ಣಾ, ಬಿಡೋ!" ಶರಣಬಸವ ಚೀರಿದ. "ಒಂದ್ ಚೀಲ ಅತ್ತಿಗಿ ಮನ್ಯಾಗ ಇಟ್ಕೊಂಡಾಳ. ಭಾಂಡೆ ತಿಕ್ಕಾಕ."

ಕಾಲು ಸಡಿಲಾಯಿತು. ಕನಕರಾಯ ತಮ್ಮನ ಮುಖ ನೋಡಿದ. ಮಗಳಿಗೆ ಮೂರು ವರ್ಷ, ಹಾಲು ಕಾಯುವುದು ಅದೇ ಪಾತ್ರೆಯಲ್ಲಿ. ಕಾವು ಎಸೆದು, ಮಡಿಯನ್ನೇ ತುಳಿಯುತ್ತ ಊರ ಕಡೆ ಓಡಿದ.

ಮರುದಿನ ಸಿಂಧನೂರಿನ ಆಸ್ಪತ್ರೆಯಲ್ಲಿ ರಫೀಕನ ಮಂಚದ ಬಳಿ ಪೊಲೀಸ್ ಜಮಾದಾರ ಹೇಳಿಕೆ ಬರೆಯಲು ಕುಳಿತಿದ್ದ. ಶರಣಬಸವ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆಯನ್ನೂ ಮಗುವನ್ನೂ ಅಣ್ಣ ರಕ್ತ ಪರೀಕ್ಷೆಗೆ ರಾಯಚೂರಿಗೆ ಕರೆದೊಯ್ದಿದ್ದಾನೆ ಎಂದ.

"ರಾಜಿ ಆಗೋಣು ರಫೀಕ. ದವಾಖಾನಿ ಖರ್ಚು ನಮ್ದು."

"ಖರ್ಚು ಬ್ಯಾಡ. ನಿಮ್ಮಣ್ಣ ಜವಳಗೇರಾ ಬಸ್‌ಸ್ಟ್ಯಾಂಡಿನ್ಯಾಗ ನಿಂತು, ಮಡಿ ಸತ್ತಿದ್ದು ನನ್ನ ಬೂದಿಗೆ, ರಫೀಕನ ಎಣ್ಣಿಗಲ್ಲ ಅಂತ ಹೇಳ್ಲಿ. ಕೇಸು ಬಿಡ್ತೀನಿ."

ಶರಣಬಸವ ಅಣ್ಣನಿಗೆ ಫೋನು ಹಚ್ಚಿದ. ಆ ಕಡೆಯ ದನಿ ಜಮಾದಾರನಿಗೂ ಕೇಳಿಸಿತು. "ಬಡದೀನಿ ಅಂತ ಒಪ್ಕೋತೀನಿ. ಜೈಲಿಗೂ ಹೋಗ್ತೀನಿ. ನನ್ನ ಕೂಸಿಗೆ ನಾನ ವಿಷ ತಂದೆ ಅಂತ ಮಂದಿ ಮುಂದ ಹೆಂಗ ಹೇಳ್ಲೋ?"

ರಫೀಕ ಜಮಾದಾರನ ಕಡೆ ತಿರುಗಿದ.

"ಬರಕೋರಿ ಸಾಹೇಬ್ರ. ಬೂದಿ ತಂದಿದ್ದರಿಂದ ಬರಕೋರಿ."

"ಬಡಿದಾಟದ ಕೇಸಿಗೆ ಬೂದಿ ಯಾಕಯ್ಯಾ?"

"ಕೇಸಿಗಲ್ಲರಿ. ಕೋರ್ಟಿನ್ಯಾಗ ಒಂದಿನ ಓದಿ ಹೇಳ್ತಾರಲ್ಲ, ಊರಿನ ಮಂದಿ ಕೇಳ್ಲಿ. ಅವ ಹೇಳದಿದ್ರೂ."

ಜಮಾದಾರ ಬರೆದ ಹಾಳೆ ಹರಿದು, ಹೊಸ ಹಾಳೆ ತೆಗೆದ.