ಮಕ್ಕಳ ಕ್ವಾರ್ಟರ್

ಅರ್ಪಣಾ ಬ್ಯಾಂಡೇಜಿನ ತುದಿಯನ್ನು ಶಾಹೀನಳ ಪಾದದ ಒಳಮಗ್ಗುಲಿಗೆ ತಂದು, ಸುತ್ತಿನೊಳಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತಿದಳು. ಏನೂ ಆಗಿರದ ಕಾಲಿಗೆ ಇಷ್ಟು ಚೆನ್ನಾಗಿ ಬ್ಯಾಂಡೇಜು ಕಟ್ಟಿದ್ದು ಅವಳ ಜೀವಮಾನದಲ್ಲೇ ಮೊದಲು.

"ಬಿಗಿ ಆಯ್ತಾ?"

"ಇಲ್ಲ ಅಕ್ಕ."

"ಟೀಚರ್ ಕೇಳಿದ್ರೆ ಎಂತ ಹೇಳ್ತಿ?"

"ಬೆಳಿಗ್ಗೆ ಮೆಟ್ಟಿಲು ಇಳೀವಾಗ ಉಳುಕ್ತು ಅಂತ." ಶಾಹೀನ್ ತನ್ನ ಕಾಲನ್ನೇ ನೋಡುತ್ತಿದ್ದಳು. "ಇವತ್ತೊಂದಿನ ಮಾತ್ರ ಅಲ್ವಾ?"

"ಇವತ್ತೊಂದೇ ದಿನ ಮಾರಾಯ್ತಿ. ಗೆದ್ರೆ ಮೈಸೂರಲ್ಲಿ ನೀನೂ ಆಡ್ತಿ."

ಹದಿನೇಳು ವರ್ಷದ ಹುಡುಗಿ ತಲೆಯಾಡಿಸಿದಳು. ಅರ್ಪಣಕ್ಕ ತುಂಗೆಗೆ ಹಾರು ಎಂದರೆ ಯಾವ ದಡದಿಂದ ಎಂದಷ್ಟೇ ಕೇಳುವವಳು ಅವಳು. ಅವಳ ಈ ವಿಧೇಯತೆ ಅರ್ಪಣಾಗೆ ಇಂದು ಅನುಕೂಲಕ್ಕೆ ಬಂದಿತ್ತು, ಅದಕ್ಕೇ ನಾಚಿಕೆಯೂ ಆಗುತ್ತಿತ್ತು. ಟ್ರ್ಯಾಕ್ ಪ್ಯಾಂಟನ್ನು ಬ್ಯಾಂಡೇಜಿನ ಮೇಲೆ ಎಳೆದು ಮುಚ್ಚಿ, ಇಬ್ಬರೂ ಬೇರೆ ಬೇರೆಯಾಗಿ ಕೊಪ್ಪದ ಬಾಳಗಡಿಯಲ್ಲಿದ್ದ ಬಾಸ್ಕೆಟ್‌ಬಾಲ್ ಕೋರ್ಟಿಗೆ ಇಳಿದರು.

ವಿಷಯ ಇಷ್ಟೆ. ಎಂಟು ತಂಡಗಳ ಮಹಿಳಾ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಕೊಪ್ಪದ ತಂಡ ಈ ಸಲ ಕೊನೆಯ ಪಂದ್ಯದವರೆಗೂ ಹೇಗೋ ಜೀವ ಹಿಡಿದುಕೊಂಡು ಬಂದಿತ್ತು. ಇಂದು ಸಾಗರದವರನ್ನು ಸೋಲಿಸಿದರೆ ಮೈಸೂರಿನಲ್ಲಿ ಅಂತಿಮ ಸುತ್ತು, ಸೋತರೆ ಎಲ್ಲರೂ ಅವರವರ ಮನೆಗೆ. ಅರ್ಪಣಾ ಹನ್ನೆರಡು ವರ್ಷ ಗುತ್ತಿಗೆ ಆಟಗಾರ್ತಿಯಾಗಿ ಊರೂರು ಸುತ್ತಿ, ಯಾರದೋ ಊರಿನ ಹೆಸರನ್ನು ಬೆನ್ನಿಗೆ ಹಚ್ಚಿಕೊಂಡು ಆಡಿದವಳು. ಹುಟ್ಟಿದ್ದು ಶೃಂಗೇರಿಯಲ್ಲಾದರೂ ಚೆಂಡು ಹಿಡಿಯಲು ಕಲಿತದ್ದು ಕೊಪ್ಪದಲ್ಲಿ. ಮೂರು ವರ್ಷದಿಂದ ಆಡುತ್ತಿದ್ದುದೂ ಕೊಪ್ಪಕ್ಕೇ. ಮೂವತ್ತನಾಲ್ಕು ತುಂಬಿತ್ತು. ಎಡಮಂಡಿ ನೋಡಿದ ಡಾಕ್ಟರು, ಇದೊಂದು ಸೀಸನ್ ಸಾಕು, ಮುಂದೆ ಬೇಡ ಎಂದಿದ್ದರು. ತನ್ನದೆಂದುಕೊಂಡ ಈ ಊರಿನ ಹೆಸರಿನಲ್ಲಿ ಒಂದೇ ಒಂದು ಸಲ ಅಂತಿಮ ಸುತ್ತಿನಲ್ಲಿ ಆಡಬೇಕು ಎನ್ನುವುದು ಅವಳಿಗೆ ಉಳಿದಿದ್ದ ಆಸೆ.

ಅದಕ್ಕೆ ಅಡ್ಡವಾಗಿದ್ದದ್ದು ಸಾಗರದ ತಂಡಕ್ಕಿಂತ ಹೆಚ್ಚಾಗಿ ತಂಡದ ಕೋಚ್ ಸುಂದರಿ ಟೀಚರ್.

ತ್ರಿಪುರಸುಂದರಿ ಎಂಬ ಪೂರ್ತಿ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಇತ್ತು. ಮೂವತ್ತೈದು ವರ್ಷ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು, ಈಗ ಅರವತ್ತಮೂರರಲ್ಲೂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಕೋರ್ಟಿನ ಉದ್ದಕ್ಕೂ ಓಡಾಡುತ್ತಿದ್ದರು. ಅವರದೊಂದು ಪದ್ಧತಿ. ನಾಲ್ಕು ಕ್ವಾರ್ಟರಿನ ಆಟದಲ್ಲಿ ಮೂರನೆಯದು ಮಕ್ಕಳದು. ಸ್ಕೋರು ಏನೇ ಇರಲಿ, ಎದುರಿಗೆ ಯಾರೇ ಇರಲಿ, ಆ ಹತ್ತು ನಿಮಿಷ ತಂಡದ ಮೂವರು ಚಿಕ್ಕ ಹುಡುಗಿಯರು ಕೋರ್ಟಿನಲ್ಲಿರಬೇಕು. ಅವರಿಗೆ ಜಾಗ ಬಿಟ್ಟುಕೊಟ್ಟ ಹಿರಿಯರು ಬೆಂಚಿನಲ್ಲಿ ಹರಟುತ್ತ ಕೂರುವಂತಿಲ್ಲ. ಪ್ರತಿಯೊಬ್ಬಳೂ ತನ್ನ ಜಾಗದಲ್ಲಿ ಆಡುವವಳನ್ನೇ ಕಣ್ಣಿಟ್ಟು ನೋಡಬೇಕು, ಆಮೇಲೆ ಅವಳಿಗೆ ಒಂದೇ ಒಂದು ಮಾತು ಹೇಳಬೇಕು. ಎರಡು ಹೇಳಿದವರಿಗೆ ಬೈಗುಳ ಗ್ಯಾರಂಟಿ. "ಒಂದು ಹೇಳಿದ್ರೆ ತಲೇಲಿ ಕೂರ್ತದೆ. ನೀವು ಹತ್ತು ಹೇಳ್ತೀರಿ, ಆ ಕೂಸು ಪಾಪ ಯಾವ ಬಸ್ಸು ಅಂತ ಗೊತ್ತಾಗದೆ ಬಸ್‌ಸ್ಟ್ಯಾಂಡಲ್ಲಿ ನಿಂತ ಹಾಗೆ ನಿಲ್ತದೆ" ಎನ್ನುತ್ತಿದ್ದರು.

ಈ ಪದ್ಧತಿಯಿಂದ ತಂಡ ಈ ವರ್ಷವೇ ಎರಡು ಪಂದ್ಯ ಸೋತಿತ್ತು. ಕ್ಲಬ್ಬಿನ ಅಧ್ಯಕ್ಷ ತ್ರ್ಯಂಬಕರು ಮೂರನೇ ಕ್ವಾರ್ಟರ್ ಬಂತೆಂದರೆ ಎದ್ದು ಕ್ಯಾಂಟೀನಿಗೆ ಹೋಗಿಬಿಡುತ್ತಿದ್ದರು. ನೋಡಿದರೆ ಬಿಪಿ ಏರುತ್ತದಂತೆ. ಇದೊಂದು ಪಂದ್ಯಕ್ಕೆ ಮಕ್ಕಳನ್ನು ಬಿಡಿ ಎಂದು ಅವರು ಕೇಳಿಕೊಂಡಾಗ ಟೀಚರ್, "ಸುಲಭದ ಮ್ಯಾಚಲ್ಲಿ ಮಕ್ಕಳು ಎಂತ ಕಲೀತಾವೆ ಅಧ್ಯಕ್ಷರೇ?" ಎಂದು ಕೇಳಿ, ಫ್ಲಾಸ್ಕಿನಿಂದ ಅವರಿಗೂ ಅರ್ಧ ಲೋಟ ಜೀರಿಗೆ ಕಷಾಯ ಬಗ್ಗಿಸಿ ಕೊಟ್ಟಿದ್ದರು. ಅರ್ಪಣಾ ಕೇಳಲೂ ಹೋಗಲಿಲ್ಲ. ಟೀಚರನ್ನು ಮಾತಿನಲ್ಲಿ ಗೆಲ್ಲಲಾಗದು ಎಂದು ಅವಳಿಗೆ ಹದಿನಾರನೇ ವಯಸ್ಸಿನಿಂದಲೇ ಗೊತ್ತಿತ್ತು. ಅವಳ ಜಾಗದಲ್ಲಿ ಆಡುವ ಹುಡುಗಿ ಶಾಹೀನ್. ಶಾಹೀನಳ ಕಾಲೇ ಉಳುಕಿದರೆ ಟೀಚರಾದರೂ ಏನು ಮಾಡಿಯಾರು ಎಂಬುದು ಅವಳ ಲೆಕ್ಕಾಚಾರ.

ಅರ್ಧ ಆಟ ಮುಗಿದಾಗ ಕೊಪ್ಪ ಎಂಟು ಪಾಯಿಂಟು ಮುಂದಿತ್ತು. ತಗಡಿನ ಚಾವಣಿಯ ಕೆಳಗೆ ಮೆಟ್ಟಿಲು ತುಂಬ ಕೂತಿದ್ದ ಜನ ಆಗಲೇ ಮೈಸೂರಿಗೆ ಯಾವ ಬಸ್ಸು ಮಾಡುವುದು ಎಂದು ಮಾತಾಡುತ್ತಿದ್ದರು. ಟೀಚರ್ ತಮ್ಮ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಕ್ಕಳ ಹೆಸರು ಕರೆದರು. ಶಾಹೀನ್ ಏಳಲಿಲ್ಲ. ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ, ಕಲಿತ ಪಾಠವನ್ನು ಒಪ್ಪಿಸಿದಳು.

"ಎಲ್ಲಿ, ತೋರ್ಸು ಕೂಸೆ."

ಟೀಚರ್ ಕನ್ನಡಕ ಏರಿಸಿಕೊಂಡು ನೆಲಕ್ಕೆ ಮಂಡಿಯೂರಿದರು. ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಅಲ್ಲಲ್ಲಿ ಒತ್ತಿದರು. ಬ್ಯಾಂಡೇಜಿನ ಮೇಲೆ, ಒಳಮಗ್ಗುಲಿನಲ್ಲಿ, ಒಮ್ಮೆ ಬೆರಳಾಡಿಸಿದರು. ಅರ್ಪಣಾ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು.

"ಉಳುಕಿದ್ದಕ್ಕೆ ಎಂತ ಮಾಡ್ಲಿಕ್ಕಾಗ್ತದೆ?" ಎಂದು ಟೀಚರ್ ಎದ್ದರು. "ಹಾಗಾದ್ರೆ ನಿನ್ನ ಜಾಗದಲ್ಲಿ ಅರ್ಪಣಾನೇ ಆಡ್ಲಿ. ನೀನು ಅವಳ ಜಾಗದಲ್ಲಿ ಕೂತ್ಕೊ. ಅವಳನ್ನೇ ನೋಡ್ತಿರು. ಆಮೇಲೆ ಒಂದು ಮಾತು ಹೇಳ್ಬೇಕು, ನೆನಪಿರ್ಲಿ."

"ನಾನು ಅಕ್ಕಂಗೆ ಹೇಳೋದಾ?"

"ಕೂತವರು ಆಡಿದವರಿಗೆ ಹೇಳೋದು. ಅದ್ರಲ್ಲಿ ಅಕ್ಕ ತಂಗಿ ಇಲ್ಲ."

ಅಷ್ಟರಲ್ಲಿ ಮೆಟ್ಟಿಲಿಳಿದು ಬಂದವರು ಶಾಹೀನಳ ತಂದೆ ಅಬ್ದುಲ್ ಅಜೀಜ್. ನರಸಿಂಹರಾಜಪುರದಲ್ಲಿ ಚಪ್ಪಲಿ ಅಂಗಡಿ ಇಟ್ಟವರು; ಮಗಳ ಆಟವಿದ್ದ ದಿನ ಮಧ್ಯಾಹ್ನವೇ ಷಟರ್ ಎಳೆದು ಬಸ್ಸು ಹತ್ತುತ್ತಿದ್ದರು. ಮಗಳ ಕಾಲು ಕಂಡದ್ದೇ ರಸ್ತೆಗೆ ಓಡಿ, ಸೋಡಾ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಐಸ್ ಹಿಡಿದುಕೊಂಡು ಬಂದಿದ್ದರು.

"ಬೆಳಿಗ್ಗೆ ಬಸ್ ಹತ್ತುವಾಗ ಸರಿ ಇತ್ತಲ್ಲ ಮಗಾ," ಎನ್ನುತ್ತ ಅವರು ಕೆಳಗೆ ಕೂತು, ಐಸನ್ನು ಆ ಕಾಲಿಗೆ ಒತ್ತಿ ಹಿಡಿದರು. ಶಾಹೀನ್ ಕಾಲು ಚಾಚಿ ಒತ್ತಿಸಿಕೊಂಡಳು. ಅರ್ಪಣಾ ಅತ್ತ ನೋಡಲಾರದೆ ಕೋರ್ಟಿಗೆ ಓಡಿದಳು.

ಅವಳು ಬಯಸಿದ್ದ ಮೂರನೇ ಕ್ವಾರ್ಟರ್ ಅವಳಿಗೆ ಸಿಕ್ಕಿತ್ತು. ಸಿಕ್ಕಿದ್ದೇನೋ ನಿಜ, ಕೈಗೆ ಹತ್ತಲಿಲ್ಲ. ಸಾಗರದ ಹುಡುಗಿ ಅವಳ ಬಲಕ್ಕೆ ಬಂದು ಗೋಡೆಯಂತೆ ನಿಂತಳು. ಅರ್ಪಣಾ ಬಲಕ್ಕೆ ಹೋದಳು, ತಡೆ. ಮತ್ತೆ ಬಲಕ್ಕೆ, ಮತ್ತೆ ತಡೆ. ಹತ್ತು ನಿಮಿಷದ ವಿಶ್ರಾಂತಿಗೆ ಇಡೀ ಸೀಸನ್ ಒಗ್ಗಿಹೋಗಿದ್ದ ಮೈ ಈಗ ಒಲ್ಲೆ ಎನ್ನುತ್ತಿತ್ತು. ಎಂಟು ಇದ್ದದ್ದು ಐದಾಯಿತು, ಮೂರಾಯಿತು. ನಡುವೆ ಒಮ್ಮೆ ಬೆಂಚಿನತ್ತ ಕಣ್ಣು ಹೋಯಿತು. ಶಾಹೀನ್ ತನ್ನನ್ನೇ ನೋಡುತ್ತಿದ್ದಳು. ಐಸಿನ ಕವರು ನೆಲದಲ್ಲಿ ಬಿದ್ದು ಸೋರುತ್ತಿತ್ತು. ಬ್ಯಾಂಡೇಜು ಕಟ್ಟಿದ ಕಾಲು ತಾನು ಉಳುಕಿದ ಕಾಲೆಂಬುದನ್ನು ಮರೆತು, ಅರ್ಪಣಾಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಕೂತಲ್ಲೇ ಆಡುತ್ತಿತ್ತು.

ಕ್ವಾರ್ಟರ್ ಮುಗಿದಾಗ ನಲವತ್ತಮೂರು–ನಲವತ್ತೆರಡು. ಒಂದು ಪಾಯಿಂಟಿನ ಮುನ್ನಡೆ, ಎರಡು ನಿಮಿಷದ ವಿರಾಮ. ಅರ್ಪಣಾ ಬೆಂಚಿನ ಮೇಲೆ ಕುಸಿದು ಕೂತಳು.

"ಹೇಳು ಶಾಹೀನ್," ಎಂದರು ಟೀಚರ್.

ಶಾಹೀನ್ ಅರ್ಪಣಾಳತ್ತ ತಿರುಗಿದಳು. "ಅಕ್ಕ, ನೀವು ಎಡಕ್ಕೆ ಹೋಗೋದೇ ಇಲ್ಲ. ಅವರಿಗೆ ಗೊತ್ತಾಗಿಬಿಟ್ಟಿದೆ."

ಎಡಮಂಡಿಯನ್ನು ಉಳಿಸಿಕೊಳ್ಳಲು ಹೋಗಿ ಎಷ್ಟು ತಿಂಗಳಿಂದ ಹಾಗೆ ಆಡುತ್ತಿದ್ದಳೋ ಅವಳಿಗೇ ತಿಳಿದಿರಲಿಲ್ಲ. ಯಾರೂ ಹೇಳಿರಲಿಲ್ಲ. ಹಿರಿಯಳಿಗೆ ಹೇಳುವವರು ಯಾರು? ಅರ್ಪಣಾ ಆ ಹುಡುಗಿಯ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಕಸಿದುಕೊಂಡದ್ದರ ಬೇಸರವೂ ಇರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ ಭಯ ಮಾತ್ರ ಇತ್ತು. ಅರ್ಪಣಾ ಬೆಂಚಿನಿಂದ ಜಾರಿ ನೆಲಕ್ಕೆ ಕೂತು, ಶಾಹೀನಳ ಕಾಲನ್ನು ಎಳೆದುಕೊಂಡು, ಅಬ್ದುಲ್ ಅಜೀಜರ ಕಣ್ಣೆದುರೇ ಬ್ಯಾಂಡೇಜು ಬಿಚ್ಚತೊಡಗಿದಳು.

"ಇವಳ ಕಾಲಿಗೆ ಎಂತದೂ ಆಗಿಲ್ಲ ಟೀಚರ್. ನಾನೇ ಹೇಳಿಸಿದ್ದು."

"ಗೊತ್ತು."

ಅರ್ಪಣಾಳ ಕೈ ನಿಂತಿತು.

"ಈಗಿನವಕ್ಕೆ ಟೇಪು, ಸ್ಪ್ರೇ. ಬಟ್ಟೆ ಸುತ್ತಿ ತುದೀನ ಒಳಗಡೆ ಸಿಕ್ಕಿಸೋರು ಈ ತಂಡದಲ್ಲಿ ಇನ್ಯಾರಿದ್ದಾರೆ? ಹೊರಗಡೆ ಸಿಕ್ಸಿದ್ರೆ ಇನ್ನೊಬ್ಬಳ ಶೂ ತಾಗಿ ಬಿಚ್ಕೊಳ್ತದೆ ಅಂತ ನಿಂಗೆ ಹೇಳ್ಕೊಟ್ಟೋಳು ನಾನೇ ಅಲ್ವನೇ?"

"ಮತ್ತೆ ಯಾಕೆ ಬೈಲಿಲ್ಲ?"

"ಆಟದ ಮಧ್ಯೆ ಎಷ್ಟು ಅಂತ ಬೈಲಿ? ಅದನ್ನ ಮಂಗಳವಾರದ ಪ್ರಾಕ್ಟೀಸಿಗೆ ಇಟ್ಕೊಂಡಿದ್ದೇನೆ."

ಅಬ್ದುಲ್ ಅಜೀಜ್ ಒಮ್ಮೆ ಮಗಳನ್ನು, ಒಮ್ಮೆ ಅರ್ಪಣಾಳನ್ನು ನೋಡಿದರು. ಆಮೇಲೆ ಬಗ್ಗಿ, ಬೆಂಚಿನ ಕೆಳಗಿದ್ದ ಮಗಳ ಶೂ ಎತ್ತಿ, ಲೇಸು ಸಡಿಲಿಸಿ ಅವಳ ಮುಂದಿಟ್ಟರು.

"ಅವಳ ಹತ್ತು ನಿಮಿಷ ನಾನು ತಗೊಂಡಿದ್ದೇನೆ," ಎಂದಳು ಅರ್ಪಣಾ. "ಈಗ ಅವಳೇ ಹೋಗ್ಲಿ ಟೀಚರ್. ನಾನು ಕೂರ್ತೇನೆ."

ಟೀಚರ್ ಅವಳನ್ನು ಒಂದು ಗಳಿಗೆ ನೋಡಿ, "ಹೋಗು ಕೂಸೆ" ಎಂದರು ಶಾಹೀನಳಿಗೆ.

ನಾಲ್ಕನೇ ಕ್ವಾರ್ಟರಿನಲ್ಲಿ ಅರ್ಪಣಾಳ ಬದಲು ಶಾಹೀನ್ ಇಳಿದದ್ದನ್ನು ಕಂಡು, ಕ್ಯಾಂಟೀನಿನಿಂದ ಆಗಷ್ಟೇ ಮರಳಿದ್ದ ತ್ರ್ಯಂಬಕರು ಎದ್ದು ನಿಂತವರು ಕೂರಲೇ ಇಲ್ಲ. ಶಾಹೀನ್ ಮೊದಲ ಎರಡು ಸಲ ಚೆಂಡು ಕಳೆದುಕೊಂಡಳು. ಮೆಟ್ಟಿಲುಗಳ ಮೇಲೆ ಗೊಣಗಾಟ ಎದ್ದಿತು. ಅರ್ಪಣಾ ಈ ಸೀಸನ್ ಉದ್ದಕ್ಕೂ ಅವಳಿಗೆ ಹೇಳಿದ್ದ ಒಂದು ಮಾತು, ಚೆಂಡು ಕೈಗೆ ಬರುವ ಮೊದಲೇ ಸುತ್ತ ನೋಡು ಎನ್ನುವುದು. ಪ್ರತಿ ಪಂದ್ಯದಲ್ಲೂ ಅದನ್ನೇ ಹೇಳಿ ಹೇಳಿ ಅವಳಿಗೇ ಬೇಸರ ಬಂದಿತ್ತು. ಮೂರನೇ ಸಲ ಚೆಂಡು ಇನ್ನೂ ಗಾಳಿಯಲ್ಲಿರುವಾಗ ಶಾಹೀನಳ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿತು. ಚೆಂಡು ಅವಳ ಕೈಯಲ್ಲಿ ನಿಲ್ಲಲೇ ಇಲ್ಲ. ಬಂದ ವೇಗದಲ್ಲೇ ಬುಟ್ಟಿಯ ಕೆಳಗಿದ್ದ ಜೊತೆ ಆಟಗಾರ್ತಿ ತನ್ಮಯಿಯ ಕೈಗೆ ಹೋಗಿ, ಅಲ್ಲಿಂದ ಒಳಗೆ ಬಿತ್ತು. ಅರ್ಪಣಾ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದಳು. ಎಷ್ಟು ಚೆಂದ ಆಡುತ್ತಾಳೆ ಈ ಹುಡುಗಿ ಎಂದು ಅವಳಿಗೆ ಅನಿಸಿತು, ಯಾವ ಹೊಟ್ಟೆಕಿಚ್ಚೂ ಇಲ್ಲದೆ ಅನಿಸಿತು.

ಹದಿನಾರರಲ್ಲಿ ತಾನೂ ಹೀಗೇ ಇಳಿದಿದ್ದಳು, ತಾಲ್ಲೂಕು ಫೈನಲ್ಲಿನಲ್ಲಿ, ಇದೇ ಟೀಚರ್ ಇದೇ ಹಠದಲ್ಲಿ ಇಳಿಸಿದಾಗ. ಆವತ್ತು ತನಗಾಗಿ ಎದ್ದು ಬೆಂಚಿನಲ್ಲಿ ಕೂತ ಹಿರಿಯ ಹುಡುಗಿಯ ಹೆಸರು ಏನು? ಅರ್ಪಣಾ ಎಷ್ಟು ಯೋಚಿಸಿದರೂ ಹೆಸರು ಹೊಳೆಯಲಿಲ್ಲ.

ಎರಡು ನಿಮಿಷ ಉಳಿದಿದ್ದಾಗ ಟೀಚರ್ ಅವಳ ಭುಜ ತಟ್ಟಿದರು. "ಇಬ್ರೂ ಆಡಿ."

ಕೊನೆಯ ಒಂಬತ್ತು ಸೆಕೆಂಡು ಉಳಿದಾಗ ಸಾಗರ ಒಂದು ಪಾಯಿಂಟು ಮುಂದಿತ್ತು, ಐವತ್ತಾರು–ಐವತ್ತೈದು. ಚೆಂಡು ಅರ್ಪಣಾಳ ಕೈಯಲ್ಲಿ. ಎದುರಿನವಳು ಎಂದಿನಂತೆ ಬಲಕ್ಕೆ ಬಂದು ನಿಂತಳು. ಅರ್ಪಣಾ ಎಡಕ್ಕೆ ಹೋದಳು. ಮಂಡಿಯೊಳಗೆ ಏನೋ ಕಿತ್ತ ಹಾಗಾಯಿತು, ಆದರೂ ಹೋದಳು. ದಾರಿ ಬಯಲಾಗಿತ್ತು. ಗಾಬರಿಯಾದ ಇಬ್ಬರು ಅವಳ ಮೇಲೆ ಮುಗಿಬಿದ್ದಾಗ, ಮೂಲೆಯಲ್ಲಿ ಶಾಹೀನ್ ಒಬ್ಬಳೇ ಇದ್ದಳು. ನೋಡಿಯಾಗಿತ್ತು, ಕಾಲು ನೆಲಕ್ಕೆ ಊರಿಯಾಗಿತ್ತು, ಕೈ ಸಿದ್ಧವಾಗಿತ್ತು. ಅರ್ಪಣಾ ಕೊಟ್ಟಳು. ಶಾಹೀನ್ ಎಸೆದಳು. ಚೆಂಡು ಬುಟ್ಟಿಯ ಬಳೆಗೆ ಬಡಿದು, ಅದರ ಮೇಲೆ ಒಂದು ಸುತ್ತು ಬಂದು, ಹೊರಗೆ ಬಿತ್ತು. ಗಂಟೆ ಹೊಡೆಯಿತು.

ಸಾಗರದವರು ಕುಣಿಯುತ್ತಿದ್ದರು. ಅರ್ಪಣಾ ಮಂಡಿ ಹಿಡಿದು ನೆಲದಲ್ಲಿ ಕೂತಿದ್ದಳು. ಮೈಸೂರು ಮುಗಿಯಿತು, ಆಟವೂ ಮುಗಿಯಿತು. ಅಳು ಬಂತು, ತಡೆಯಲಿಲ್ಲ. ಶಾಹೀನ್ ಮುಖ ಮುಚ್ಚಿಕೊಂಡು ಅವಳ ಪಕ್ಕ ಬಂದು ನಿಂತಳು.

"ಕೂತ್ಕೊ ಇಲ್ಲಿ," ಎಂದಳು ಅರ್ಪಣಾ. "ಒಂದು ಮಾತು ಹೇಳ್ಬೇಕು. ಚೆಂಡು ಬರೋ ಮೊದಲೇ ನೋಡಿದ್ದಿ."

"ಬೀಳ್ಲಿಲ್ಲ ಅಕ್ಕ."

"ಅದು ಎರಡನೇ ಮಾತು. ಟೀಚರ್ ಬೈತಾರೆ."

ತ್ರ್ಯಂಬಕರು ಕೆಂಪಗಾಗಿ ಮೆಟ್ಟಿಲಿಳಿದು ಬಂದರು. ಟೀಚರ್ ಎದುರು ನಿಂತು ಶಾಹೀನಳತ್ತ ನೋಡಿದರು. "ಮುಂದಿನ ವರ್ಷ ಇವಳು ಬೇರೆ ತಂಡಕ್ಕೆ ಹೋಗದ ಹಾಗೆ ನೋಡ್ಕೊಳ್ಳಿ ಟೀಚರೇ," ಎಂದಷ್ಟೇ ಹೇಳಿ ಕ್ಯಾಂಟೀನಿನ ದಿಕ್ಕಿಗೆ ಹೊರಟರು.

ಬಿಚ್ಚಿಟ್ಟಿದ್ದ ಬ್ಯಾಂಡೇಜು ಬೆಂಚಿನ ಕೆಳಗೆ ಬಿದ್ದಿತ್ತು. ಶಾಹೀನ್ ಅದನ್ನು ತಂದು, ಧೂಳು ಕೊಡವಿ, ಅರ್ಪಣಾಳ ಊದುತ್ತಿದ್ದ ಎಡಮಂಡಿಗೆ ಸುತ್ತತೊಡಗಿದಳು. ಆಟಕ್ಕೆ ಮೊದಲು ಒಂದೇ ಒಂದು ಸಲ ನೋಡಿದ್ದ ಕೆಲಸ. ಟೀಚರ್ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, ಕನ್ನಡಕ ಏರಿಸಿ, ಅವಳ ಹಿಂದೆ ಬಗ್ಗಿ ನಿಂತಿದ್ದರು. ಕೊನೆಯ ಸುತ್ತಿಗೆ ಬಂದಾಗ ಹುಡುಗಿಯ ಕೈ ಒಂದು ಕ್ಷಣ ತಡೆಯಿತು. ಆಮೇಲೆ ತುದಿಯನ್ನು ಒಳಮಗ್ಗುಲಿಗೆ ತಂದು, ಸುತ್ತಿನೊಳಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತಿದಳು.

"ಬಿಗಿ ಆಯ್ತಾ ಅಕ್ಕ?"