ಆರೂ ಹತ್ತರ ಅಲಾರಂ

ಹಳೆಯ ಮೊಬೈಲ್ ಫೋನುಗಳಿಗೆ ಒಂದು ಗುಣವುಂಟು. ಆರಿಸಿಟ್ಟರೂ ಅವು ಪೂರ್ತಿ ಮಲಗುವುದಿಲ್ಲ. ಬ್ಯಾಟರಿಯಲ್ಲಿ ಒಂದು ಗುಟುಕು ಜೀವ ಉಳಿದಿದ್ದರೆ ಸಾಕು, ಯಾರೋ ಎಂದೋ ಇಟ್ಟ ಅಲಾರಂ ಹೊತ್ತಿಗೆ ಸರಿಯಾಗಿ ಕಣ್ಣು ಬಿಟ್ಟು ಕೂಗುತ್ತವೆ. ಇಟ್ಟವರು ಬೇರೆ ಮನೆಗೆ ಹೋಗಿರಬಹುದು, ಈ ಲೋಕವನ್ನೇ ಬಿಟ್ಟು ಹೋಗಿರಬಹುದು; ಫೋನಿಗೆ ಅದರ ಗೊಡವೆಯಿಲ್ಲ. ಒಪ್ಪಿಕೊಂಡ ಹೊತ್ತಿಗೆ ಎಬ್ಬಿಸಬೇಕು, ಅಷ್ಟೇ ಅದಕ್ಕೆ ಗೊತ್ತು.

ಕನ್ನಡಕದಯ್ಯನ ಮನೆಯಲ್ಲಿ ಇಂಥ ಫೋನುಗಳು ನಲವತ್ತಮೂರು ಇದ್ದವು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಗಾಜು ಉಜ್ಜಿದವನಾದ್ದರಿಂದ ಬೀದಿಯವರು ಅವನಿಗಿಟ್ಟ ಹೆಸರು ಅದು. ನಡುಮನೆಯ ಗಾಜಿನ ಬೀರುವಿನಲ್ಲಿ ಮಡಚುವವು ಒಂದು ಸಾಲು, ಜಾರುವವು ಒಂದು ಸಾಲು, ಎತ್ತಿ ಹೊಡೆದರೆ ನಾಯಿ ಸಾಯಬೇಕು ಅನ್ನುವಂಥ ಇಟ್ಟಿಗೆಗಳು ಕೆಳಗಿನ ಸಾಲು. ಉಳಿದ ಸಂಗ್ರಹಕಾರರೆಲ್ಲ ಫೋನು ಕೈಗೆ ಬಂದ ಕೂಡಲೇ ಒಳಗಿದ್ದುದನ್ನೆಲ್ಲ ಅಳಿಸಿ ಸ್ವಚ್ಛ ಮಾಡಿಡುತ್ತಾರೆ. ಕನ್ನಡಕದಯ್ಯ ಅಳಿಸುತ್ತಿರಲಿಲ್ಲ. ಗಡಿಯಾರ ಸರಿಪಡಿಸಿ, ಬ್ಯಾಟರಿ ತುಂಬಿಸಿ, ಅಲಾರಂ ಇದ್ದರೆ ಇದ್ದ ಹಾಗೇ ಬಿಡುತ್ತಿದ್ದ. ‘ಯಾರದೋ ಹೊತ್ತು ಅದು. ದೇವರು ಅವರಿಗೆ ಕೊಟ್ಟಿದ್ದು. ಒರೆಸಿಹಾಕಲು ನಾನ್ಯಾರು?’ ಎನ್ನುವುದು ಅವನ ಲೆಕ್ಕಾಚಾರ. ನಲವತ್ತಮೂರರಲ್ಲಿ ಹನ್ನೊಂದು ಫೋನು ದಿನವೂ ಕೂಗುತ್ತಿದ್ದವು. ಅವನು ಒಂದೊಂದನ್ನೂ ಎದ್ದುಹೋಗಿ ಸುಮ್ಮನಾಗಿಸಿ ಬರುತ್ತಿದ್ದ.

ಹೆಂಡತಿ ಹೊಲಿಗೆ ಕೆಲಸದವಳು. ನೆನಪು ಅವಳನ್ನು ಬಿಟ್ಟುಹೋಗಿದ್ದು ಒಂದೇ ಸಲಕ್ಕಲ್ಲ. ಮೊದಲು ದಾರದ ಬಣ್ಣಗಳ ಹೆಸರು ಹೋಯಿತು, ಆಮೇಲೆ ನೆರೆಮನೆಯವರ ಮುಖ, ಆಮೇಲೆ ಅಡುಗೆಮನೆ ಯಾವ ಕಡೆ ಎಂಬುದು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವು ಯಾರ ಮನೆಯೋರು?” ಎಂದು ಮರ್ಯಾದೆಯಿಂದ ಕೇಳಿದಳು. ಅಂದಿನಿಂದ ಅವಳ ಬಾಯಲ್ಲಿ ‘ರೀ’ ಎಂಬ ಕರೆ ಬಂದಿರಲಿಲ್ಲ. ಮೂವತ್ತೆಂಟು ವರ್ಷ ಕೇಳಿ ಕೇಳಿ ಗಾಳಿಯಷ್ಟೇ ಸಸಾರವಾಗಿದ್ದ ಆ ಒಂದಕ್ಷರಕ್ಕಾಗಿ ಅವನು ದಿನವೂ ಕೈಮುಗಿದು ಬೇಡತೊಡಗಿದ. ಇನ್ನೊಂದೇ ಒಂದು ಸಲ ಸಾಕು, ಸ್ವಾಮೀ.

ಅವಳು ಅಲಾರಂಗಳಿಗೆ ಓಗೊಡಲು ಶುರುಮಾಡಿದ್ದು ಹೋದ ಚಳಿಗಾಲದಲ್ಲಿ. ಬೆಳಗಿನ ಏಳೂವರೆಗೆ ಒಂದು ಕೆಂಪು ಮಡಚುವ ಫೋನು ಕೂಗಿತು. ಕುರ್ಚಿಯಲ್ಲಿ ಗೊಂಬೆಯಂತೆ ಕೂತಿದ್ದವಳು ತಟ್ಟನೆ ಎದ್ದು, ಬಾಚಣಿಗೆ ಹುಡುಕಿ ತಂದು, ಮಂಡಿಯೂರಿ ಕೂತು, ತನ್ನ ಎದೆಯ ಎತ್ತರದ ಖಾಲಿ ಗಾಳಿಯನ್ನು ಬಾಚತೊಡಗಿದಳು.

“ಅಲ್ಲಾಡ್ಬೇಡ್ವೇ ಕೋತಿ. ನಿನ್ನಿಂದ ನಂಗೂ ಲೇಟು” ಎಂದಳು. ಆ ದನಿ ಅವಳದಲ್ಲ. ಅವಳಿಗಿಂತ ಎಳೆಯದು, ಸ್ವಲ್ಪ ಗೊಗ್ಗರು. ಎರಡು ಜಡೆಗಾಗುವಷ್ಟು ಹೊತ್ತು ಬೆರಳಾಡಿಸಿ, ಗಾಳಿಯ ಬೆನ್ನಿಗೊಂದು ಮೆಲ್ಲನೆ ಗುದ್ದಿ, ಮತ್ತೆ ಕುರ್ಚಿಗೆ ಬಂದು ಗೊಂಬೆಯಾದಳು.

ಮಧ್ಯಾಹ್ನ ಒಂದರ ಫೋನಿಗೆ ಎದ್ದು ಖಾಲಿ ಮಂಚದ ತಲೆದೆಸೆಯಲ್ಲಿ ಬಗ್ಗಿ ಯಾರಿಗೋ ಮಾತ್ರೆ ನುಂಗಿಸಿದಳು. ಸಂಜೆ ಐದೂ ಇಪ್ಪತ್ತರ ಫೋನಿಗೆ ಗಂಡಸಿನ ದನಿಯಲ್ಲಿ ಕೆಮ್ಮುತ್ತ ಹಿತ್ತಿಲಿಗೆ ಹೋಗಿ ಇಲ್ಲದ ಕೋಳಿಗಳನ್ನು ಗೂಡಿಗೆ ಅಟ್ಟಿದಳು. ತನ್ನ ಹೊತ್ತೆಲ್ಲ ಬರಿದಾದ ಜೀವದೊಳಗೆ ಬೇರೆಯವರ ಹೊತ್ತು ಬಂದು ಹೋಗುತ್ತಿತ್ತು, ಬಾಗಿಲಿಲ್ಲದ ಮನೆಗೆ ದಾರಿಹೋಕರು ನುಗ್ಗಿದ ಹಾಗೆ.

ಪ್ರತಿ ಭಾನುವಾರ ಬರುವ ಮಗಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ಯಾವುದಕ್ಕೂ ಬೆಚ್ಚುವ ಪೈಕಿಯಲ್ಲ. ಕೋಳಿ ಅಟ್ಟುವುದನ್ನು ನೋಡಿದ ದಿನ ಅವಳ ಮುಖ ಸುಣ್ಣವಾಯಿತು.

“ಅಪ್ಪ, ಆ ದರಿದ್ರದ ಬ್ಯಾಟರಿಗಳನ್ನೆಲ್ಲ ಈಗಲೇ ಕಿತ್ತುಹಾಕಿ. ಅಮ್ಮನ್ನೇನು ಛತ್ರ ಅಂದ್ಕೊಂಡಿದೀರಾ?”

ಅವನು ಕಿತ್ತ. ಮೂರು ದಿನ ಮನೆ ಸದ್ದಿಲ್ಲದೆ ಇತ್ತು. ಆ ಮೂರು ದಿನವೂ ಅವಳು ಏಳಲಿಲ್ಲ, ತುತ್ತು ಅಗಿಯಲಿಲ್ಲ, ರೆಪ್ಪೆ ಬಡಿಯುವುದನ್ನೂ ಮರೆತವಳಂತೆ ಗೋಡೆ ನೋಡಿದಳು. ನಾಲ್ಕನೆಯ ದಿನ ಅವನೇ ಕೂತು ಒಂದೊಂದಾಗಿ ಬ್ಯಾಟರಿ ಹಾಕಿದ. ಯಾರಾಗಿಯಾದರೂ ಸರಿ, ಬದುಕಿರಲಿ.

ಬ್ಯಾಟರಿ ಹಾಕುತ್ತಿರುವಾಗಲೇ ಅವನಿಗೆ ಆ ಮಾತು ನೆನಪಾದದ್ದು.

ನಾಲ್ಕು ವರ್ಷದ ಹಿಂದೆ ಅವಳಿಗೊಂದು ಹೊಸ ಫೋನು ಕೊಡಿಸಿ, ಅವಳ ಹಳೆಯ ಟಾರ್ಚ್ ಫೋನನ್ನು ಅವನು ಭಾನುವಾರದ ಸಂತೆಗೆ ಎತ್ತಿಕೊಂಡು ಹೋಗಿದ್ದ. ಅಲ್ಲಿ ಅದನ್ನು ಕೊಟ್ಟು, ಬಹಳ ದಿನದಿಂದ ಕಣ್ಣಿಟ್ಟಿದ್ದ ಬೆಳ್ಳಿಬಣ್ಣದ ಜಾರುವ ಫೋನು ತಂದಿದ್ದ. ಹೊರಡುವಾಗ ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಿ ಹೇಳಿದ್ದಳು: “ಅದು ಇರ್ಲಿ ಬಿಡ್ರೀ. ಅದರಲ್ಲಿ ನಂದೊಂದು ಅಲಾರಂ ಇದೆ.”

“ಹೊಸದರಲ್ಲಿ ಹತ್ತು ಇಟ್ಕೋ” ಎಂದಿದ್ದ ಅವನು. ಲೋಕದವರ ಅಲಾರಂಗಳನ್ನೆಲ್ಲ ಕಾಪಾಡಿದವನು ಮನೆಯವಳದ್ದನ್ನು ಎಷ್ಟು ಗಂಟೆಗೆ ಎಂದೂ ಕೇಳಿರಲಿಲ್ಲ.

ಈಗ ಅದೊಂದೇ ಅವನಿಗೆ ಬೇಕಾಗಿದ್ದುದು. ಬೇರೆಯವರ ಹೊತ್ತು ಅವಳನ್ನು ಎಬ್ಬಿಸುವುದಾದರೆ, ಅವಳದೇ ಹೊತ್ತು ಅವಳನ್ನು ಅವಳನ್ನಾಗಿಯೇ ಎಬ್ಬಿಸದೇ?

ಮುಚ್ಚಿದ ಚಿತ್ರಮಂದಿರದ ಪಕ್ಕದ ಓಣಿಯಲ್ಲಿ ಸಂಗ್ರಹಕಾರರ ಸಂತೆ. ನೆಲಕ್ಕೆ ಬಟ್ಟೆ ಹಾಸಿ ಫೋನು, ಚಾರ್ಜರು, ಉದುರಿದ ಬಟನ್ನುಗಳನ್ನು ಹರವಿಕೊಂಡು ಕೂರುತ್ತಾರೆ. ಏಳು ಭಾನುವಾರ ಮಗಳನ್ನು ಅವಳಮ್ಮನ ಬಳಿ ಕೂರಿಸಿ ಅವನು ಅಲ್ಲಿ ವಿಚಾರಿಸಿದ. ಟಾರ್ಚ್ ಫೋನುಗಳು ನೂರಾರಿದ್ದವು, ಅವಳದ್ದೊಂದು ಸಿಗಲಿಲ್ಲ. ಎಂಟನೆಯ ಭಾನುವಾರ, ಬಸ್ ಕಂಡಕ್ಟರ್ ಒಬ್ಬ ತನ್ನ ಗೆಳೆಯರನ್ನು ನಗಿಸುತ್ತಿದ್ದ.

“ನಮ್ಮಪ್ಪ ಲಾರಿ ಓಡಿಸ್ತಿದ್ದೋರು ಮಾರಾಯ್ರೆ. ಮೀಸೆ ನೋಡಿದ್ರೆ ಪೊಲೀಸ್ನೋರೇ ದಾರಿ ಬಿಡ್ತಿದ್ರು. ಈಗ ಅರಳುಮರಳು. ಸಂಜೆ ಆರೂ ಹತ್ತಕ್ಕೆ ಒಂದು ಫೋನು ಬಡ್ಕೊಳತ್ತೆ. ಎದ್ದು ಬಾಗ್ಲಲ್ಲಿ ನಿಂತು ‘ರೀ, ಬಂದ್ರಾ?’ ಅಂತಾರೆ! ಹೆಂಗಸಿನ ದನೀಲಿ! ನಮ್ಮಮ್ಮ ಬದುಕಿದ್ದಿದ್ರೆ ಆಣೆಗೂ ಇನ್ನೊಂದ್ಸಲ ಸಾಯೋಳು.”

ಎಲ್ಲರೂ ನಕ್ಕರು. ಕನ್ನಡಕದಯ್ಯನ ಕೈಯಲ್ಲಿದ್ದ ಚಾರ್ಜರು ಜಾರಿ ಬಿತ್ತು.

“ಆ ಫೋನಿನ ಗಾಜು ಹೇಗಿದೆ?” ಎಂದು ಕೇಳಿದ.

“ಗಾಜಾ? ಅದೊಂದು ತಮಾಷೆ ಸಾರ್. ಉಬ್ಬಿದೆ. ಅಂಕಿಗಳು ಇಷ್ಟಿಷ್ಟು ದಪ್ಪ ಕಾಣ್ತವೆ.”

ಹೆಂಡತಿಯ ದೃಷ್ಟಿ ಮಂಜಾದಾಗ, ಕನ್ನಡಕದ ಗಾಜನ್ನೇ ಆ ಅಳತೆಗೆ ಕೊಯ್ದು ಉಜ್ಜಿ ಆ ಫೋನಿಗೆ ಕೂರಿಸಿಕೊಟ್ಟವನು ಅವನೇ.

ಮರುದಿನ ಹೆಂಡತಿಯನ್ನು ನೆರೆಮನೆಯಾಕೆಗೆ ಒಪ್ಪಿಸಿ, ಸಂಜೆ ಆರಕ್ಕೆಲ್ಲ ಅವನು ಬೆಳ್ಳಿಬಣ್ಣದ ಫೋನನ್ನು ಜೇಬಿನಲ್ಲಿಟ್ಟುಕೊಂಡು ಕಂಡಕ್ಟರನ ಮನೆಯಲ್ಲಿ ಕೂತಿದ್ದ. ಮುದುಕ ಗೋಡೆ ಕಡೆ ತಿರುಗಿ ಮಲಗಿದ್ದ. ಫೋನು ಕೂಗಿತು.

ಮುದುಕ ಎದ್ದು ಕೂತು, ಮೊದಲು ಎರಡೂ ಕೈಯಿಂದ ಮಡಿಲನ್ನು ಕೊಡವಿದ. ದಾರದ ತುಣುಕುಗಳನ್ನು ಕೊಡವುವ ಹಾಗೆ. ಕನ್ನಡಕದಯ್ಯ ಮುಂದಕ್ಕೆ ಬಾಗಿ ನೋಡಿದ. ಯಂತ್ರದ ಮುಂದಿನಿಂದ ಏಳುವಾಗ ಅವಳು ಕೊಡವುತ್ತಿದ್ದುದು ಹಾಗೆಯೇ. ದೊಡ್ಡ ಮೀಸೆಯ ಆ ಮುದುಕ ಸಣ್ಣ ಹೆಜ್ಜೆ ಇಡುತ್ತ ಬಾಗಿಲಿಗೆ ಹೋಗಿ, ಚಿಲಕ ತೆಗೆದು, ಚೌಕಟ್ಟಿಗೆ ಎಡಗೈ ಊರಿ ಬೀದಿಯ ಆ ತುದಿಯತ್ತ ನೋಡಿದ.

“ರೀ, ಬಂದ್ರಾ?”

ಅದು ಅವಳದೇ ದನಿ.

ಬೀದಿಯಲ್ಲಿ ಯಾರೂ ಇರಲಿಲ್ಲ. ಹತ್ತು ನಿಮಿಷ ಹಾಗೇ ನಿಂತು, “ಇವತ್ತೂ ಇಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಮಗು ಮಲಗಿದ ಮನೆಯಲ್ಲಿ ಮುಚ್ಚುವ ಹಾಗೆ ಸದ್ದಾಗದಂತೆ ಬಾಗಿಲು ಮುಚ್ಚಿದ. ಹಾಸಿಗೆಗೆ ಬಂದದ್ದೇ ಗಡಸು ದನಿಯಲ್ಲಿ, “ಯಾವನೋ ಇವನು?” ಎಂದ.

ಕನ್ನಡಕದಯ್ಯ ತಲೆ ತಗ್ಗಿಸಿ ಕೂತ. ಅಂಗಡಿ ಮುಚ್ಚುತ್ತಿದ್ದುದು ಆರಕ್ಕೆ. ಮನೆಗೆ ಹತ್ತು ನಿಮಿಷದ ದಾರಿ. ಅವನು ಮನೆ ಸೇರುತ್ತಿದ್ದುದು ಎಂಟಕ್ಕೆ, ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಹಳೆಯ ಫೋನು ಹುಡುಕಿಕೊಂಡು. ಅಷ್ಟು ವರ್ಷವೂ ಆರೂ ಹತ್ತಕ್ಕೆ ತನ್ನ ಮನೆ ಬಾಗಿಲು ತೆರೆದು ಮುಚ್ಚಿದ್ದು ಅವನಿಗೆ ತಿಳಿದಿರಲಿಲ್ಲ. ತಿಳಿಯಲು ಆ ಹೊತ್ತಿನಲ್ಲಿ ಅವನು ಅಲ್ಲಿರಬೇಕಿತ್ತಲ್ಲ.

ಜೇಬಿನಿಂದ ಬೆಳ್ಳಿಬಣ್ಣದ ಫೋನು ತೆಗೆದು ಮುಂದಿಟ್ಟ. “ಆ ಟಾರ್ಚ್ ಫೋನು ನನ್ನ ಹೆಂಡತೀದು ಕಣಪ್ಪ. ಬದಲಿಗೆ ಇದು ತಗೋ” ಎಂದ. ಆಮೇಲೆ ಮುದುಕನನ್ನು ನೋಡಿ ಸಂಕಟವಾಯಿತು. “ಅಪ್ಪನ್ನ ಎಬ್ಬಿಸೋಕೆ ಬೇರೆ ಯಾವುದಾದ್ರೂ ಕೊಡ್ಲಾ? ಏಳೂವರೇದು ಒಂದಿದೆ, ಮಗೂಗೆ ತಲೆ ಬಾಚೋದು.”

“ಬೇಡ ಸಾರ್, ನನಗೇ ಎರಡು ಜಡೆ ಹಾಕಿಬಿಟ್ಟಾರು” ಎಂದು ಕಂಡಕ್ಟರ್ ನಕ್ಕ. ನಗು ಪೂರ್ತಿಯಾಗಲಿಲ್ಲ. “ತಗೊಂಡು ಹೋಗಿ. ಅಪ್ಪ ಕಾಯೋದನ್ನ ನೋಡಕ್ಕಾಗ್ತಿರ್ಲಿಲ್ಲ ನಂಗೂ.”

ಮಾರನೆಯ ಸಂಜೆ ಅವನು ಫೋನನ್ನು ಹೆಂಡತಿಯ ಪಕ್ಕದಲ್ಲೇ ಇಟ್ಟು, ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕೂತ. ಕೂಗಿತು. ಅವಳು ಎದ್ದಳು, ಮಡಿಲು ಕೊಡವಿದಳು. ಮುಖಕ್ಕೆ ಕಳೆ ಬಂದಿತ್ತು. ಅವನು “ಲೇ, ಇಲ್ಲೇ ಇದೀನಿ ಕಣೆ” ಎಂದ. ಅವಳು ಅವನನ್ನು ದಾಟಿ ಹೋಗಿ ಬಾಗಿಲು ತೆರೆದಳು.

“ರೀ, ಬಂದ್ರಾ?”

ಅವನು ಮಾತಾಡುವ ಮೊದಲೇ ಅವಳು ನಕ್ಕಳು. ಹೊರಗಿನ ಖಾಲಿ ಮೆಟ್ಟಿಲ ಕಡೆ ನಕ್ಕಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಯಾರದೋ ಕೈಯಿಂದ ಚೀಲ ಇಸಿದುಕೊಂಡಳು, ಬಾಗಿಲು ಮುಚ್ಚಿದಳು. ಮೀಸೆಯ ಮುದುಕ ಅಷ್ಟು ದಿನ ಕಾದರೂ ಅಲ್ಲಿ ಯಾರೂ ಬಂದಿರಲಿಲ್ಲ. ಅದು ಬರುವವನ ಮನೆಯಲ್ಲ. ಇದು ಅವನ ಮನೆ. ಯಾರೋ ಕನ್ನಡಕದಯ್ಯನ ಪಕ್ಕದಲ್ಲೇ ಹಾದುಹೋದಂತೆ ಗಾಳಿ ಅಲುಗಿತು. ಗಾಜು ಉಜ್ಜುವ ಪುಡಿಯ ವಾಸನೆ ಬಂತು. ಆ ಪುಡಿ ಮುಟ್ಟಿ ಅವನಿಗೆ ಐದು ವರ್ಷವಾಗಿತ್ತು.

ರಾತ್ರಿಯೆಲ್ಲ ಯೋಚಿಸಿ ಅವನು ಒಂದು ತೀರ್ಮಾನಕ್ಕೆ ಬಂದ. ಅವಳು ಕಾಯುವುದು ಹೊರಗಿನಿಂದ ಬರುವವನಿಗೆ. ಒಳಗೆ ಕೂತರೆ ಹೇಗೆ ಕಂಡೇನು?

ಮರುಸಂಜೆ ನೆರೆಮನೆಯಾಕೆಗೆ ಬಾಗಿಲ ಮೇಲೊಂದು ಕಣ್ಣಿಡಲು ಹೇಳಿ, ಹಳೆಯ ಊಟದ ಚೀಲ ಹಿಡಿದು ಬೀದಿಯ ತುದಿಗೆ ಹೋಗಿ ನಿಂತ. ಮದುವೆ ಗಂಡಿನಂತೆ ಅಂಗಿಯ ಕಾಲರು ಸರಿಮಾಡಿಕೊಂಡ. ಆರೂ ಒಂಬತ್ತಕ್ಕೆ ಹೆಜ್ಜೆ ಕಿತ್ತ. ಮನೆಯೊಳಗಿನಿಂದ ಅಲಾರಂ ಕೇಳಿಸಿತು. ಚಿಲಕದ ಸದ್ದಾಯಿತು. ಬಾಗಿಲು ತೆರೆಯಿತು. ಚೌಕಟ್ಟಿಗೆ ಎಡಗೈ ಊರಿ ಅವಳು ನಿಂತಿದ್ದಳು, ಇಳಿಬಿಸಿಲು ಮುಖದ ಮೇಲಿತ್ತು.

ಅವನು ಮೆಟ್ಟಿಲ ಮೇಲೆ ಕಾಲಿಟ್ಟ.

“ರೀ, ಬಂದ್ರಾ?”

“ಬಂದೆ ಕಣೆ” ಎಂದ. “ತಡ ಆಯ್ತು. ಬಹಳ ತಡ ಮಾಡಿಬಿಟ್ಟೆ.”

ಆದರೆ ಅವಳ ಕಣ್ಣು ಅವನ ಮೇಲಿರಲಿಲ್ಲ. ಅವನ ಹೆಗಲಾಚೆ, ಹಿಂದಿನ ಮೆಟ್ಟಿಲ ಮೇಲಿತ್ತು. ಅವಳು ನಗುತ್ತ ಕೈ ಚಾಚಿ ಚೀಲ ಇಸಿದುಕೊಂಡಳು. ಅವನ ಚೀಲ ಅವನ ಕೈಯಲ್ಲೇ ಉಳಿಯಿತು. ಬೆನ್ನ ಹಿಂದೆ ಚಪ್ಪಲಿ ಕಳಚಿದ ಸದ್ದಾಯಿತು, ಮೊದಲು ಎಡದ್ದು, ಆಮೇಲೆ ಬಲದ್ದು. ತಾನು ಜೀವಮಾನವಿಡೀ ಕಳಚಿದ್ದೂ ಹಾಗೆಯೇ. ಕನ್ನಡಕದಯ್ಯ ತಿರುಗಿ ನೋಡಲಿಲ್ಲ. ಅವಳು ಪಕ್ಕಕ್ಕೆ ಸರಿದಳು. ಅವನೂ ಸರಿದು ದಾರಿ ಬಿಟ್ಟ. ತಣ್ಣಗಿನದೇನೋ ಅವನ ತೋಳಿಗೆ ಒರಸಿಕೊಂಡು ಒಳಗೆ ಹೋಯಿತು.

ಆಗ ಅವಳು ಅವನನ್ನು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ನಿಜವಾಗಿ ನೋಡಿದಳು.

“ನೀವು ಇವರ ಅಂಗಡಿಯೋರಾ? ಹೊರಗೇ ನಿಂತ್ರಲ್ಲ. ಬನ್ನಿ ಒಳಗೆ.”

ಅವನು ಬೇಡಿದ್ದು ಒಂದೇ ಒಂದು ಅಕ್ಷರ. ಕೊಡುವವನು ಕೊಟ್ಟಿದ್ದ. ಯಾರನ್ನು ನೋಡಿ ಕರೆಯಬೇಕೆಂದು ಬೇಡಿಕೆಯಲ್ಲಿ ಸೇರಿಸಿರಲಿಲ್ಲ.

“ಹೌದಮ್ಮ. ಜೊತೆ ಕೆಲಸದೋನು” ಎಂದು ಒಳಗೆ ಬಂದು ಮರದ ಸ್ಟೂಲಿನ ಮೇಲೆ ಕೂತ.

ಅವಳು ಅಡುಗೆಮನೆಗೆ ದಾರಿ ತಪ್ಪದೆ ಹೋಗಿ ಎರಡು ಲೋಟ ನೀರು ತಂದಳು. ಒಂದನ್ನು ಅವನ ಕೈಗೆ ಕೊಟ್ಟಳು, ಇನ್ನೊಂದನ್ನು ಖಾಲಿ ಬೆತ್ತದ ಕುರ್ಚಿಯ ಪಕ್ಕದಲ್ಲಿಟ್ಟಳು. ಆ ಕುರ್ಚಿಯ ಮುಂದೆಯೇ ನೆಲದ ಮೇಲೆ ಕೂತು, ಮನೆಗೆ ಬಂದವರ ಮುಂದೆ ಗಂಡನ ಮೇಲೆ ದೂರು ಹೇಳುವ ಸಂಭ್ರಮದಲ್ಲಿ, “ನೋಡಿ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಇವರಿಗೆ” ಎಂದಳು. “ಹಳೇ ಫೋನು ಹಳೇ ಫೋನು ಅಂತ ಊರೆಲ್ಲ ಅಲೀತಾರೆ. ಬಾಗ್ಲಲ್ಲಿ ನಿಂತು ನಿಂತು ಕಾಲು ಸೋಲತ್ತೆ ನಂಗೆ. ನಾನು ಹೇಳಿದ್ರೆ ಕೇಳಲ್ಲ. ದಿನಾ ಹೀಗೆ ಹೊತ್ತಿಗೆ ಸರಿಯಾಗಿ ಬಂದ್ರೆ ಇವರ ಗಂಟೇನು ಹೋಗತ್ತೆ?”

ಕನ್ನಡಕದಯ್ಯ ಲೋಟ ಕೆಳಗಿಟ್ಟು ಕುರ್ಚಿಯ ಕಡೆ ತಿರುಗಿದ. ಅಲ್ಲಿ ಏನೂ ಕಾಣಲಿಲ್ಲ. ಬೆತ್ತದ ಹೆಣಿಗೆ ಮಾತ್ರ ಒಬ್ಬ ಆಳಿನ ಭಾರಕ್ಕೆ ಆಗುವಷ್ಟು ತಗ್ಗಾಗಿತ್ತು.

“ಕೇಳಿಸ್ತೇನಯ್ಯಾ?” ಎಂದ. “ಬೇಗ ಬಾ. ಇವತ್ತು ಬಂದ ಹಾಗೆ ನಾಳೇನೂ ಬಾ. ತಪ್ಪಿಸ್ಬೇಡ.”

ಬೆತ್ತ ಕಿರುಗುಟ್ಟಿತು. ತಪ್ಪಿತಸ್ಥನೊಬ್ಬ ಕೂತಲ್ಲೇ ಮಿಸುಕಾಡಿದ ಹಾಗೆ.

“ಅಷ್ಟು ಜೋರಾಗೇನೂ ಬೈಬೇಡಿ ಪಾಪ” ಎಂದಳು ಅವಳು ಮೆಲ್ಲಗೆ. “ನಾಳೆ ನೀವೂ ಬನ್ನಿ ಇವರ ಜೊತೆ.”

“ಬರ್ತೀನಮ್ಮ” ಎಂದ ಅವನು.